ಬ್ಯಾಟರಿ ಬದಲಿಸುವ ಮುಂಚೆ ಕಾರಣ ಹುಡುಕೋಣ

ಅಪ್ಪನ ಹಳೆಯ ಡೀಸೆಲ್ ಪಿಕಪ್‌ಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಸುತ್ತಲಿನ ತೋಟಗಳಿಂದ ಟೊಮೆಟೊ ಕ್ರೇಟುಗಳನ್ನು ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಒಯ್ಯುವುದು ಅದರ ಕೆಲಸ. ನನ್ನ ಡಿಪ್ಲೊಮಾ ಫೀಸು ಹುಟ್ಟಿದ್ದೂ ಅದರ ಬಾಡಿಗೆಯಿಂದಲೇ. ಕಳೆದ ವರ್ಷ ಒಂದು ದಿನ ನಸುಕಿನಲ್ಲಿ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ತುಂಬಿದ ಲೋಡನ್ನು ಬೇರೆಯವರ ಗಾಡಿಗೆ ಏರಿಸಿ ಕಳಿಸಬೇಕಾಯಿತು. ಎರಡು ವರ್ಷದಲ್ಲಿ ಅದು ಎರಡನೇ ಬ್ಯಾಟರಿ!

‘ಇದೂ ಹೋಯ್ತು, ಹೊಸದು ಹಾಕ್ಸಿ. ಆಲ್ಟರ್ನೇಟರ್ ಕೂಡ ಬದಲಾಯಿಸಿಬಿಡಿ’ ಎಂದರು ಮೆಕ್ಯಾನಿಕ್. ಅಪ್ಪ ಸಾಲ ಕೇಳಲು ಹೊರಟಿದ್ದರು. ‘ಒಂದು ದಿನ ತಡೀರಿ’ ಎಂದು ಗೆಳೆಯನ ಮಲ್ಟಿಮೀಟರ್ ತಂದೆ.

ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ಕೂರಿಸಿದೆವು. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ತೋರಿಸಿತು. ಅದು ತುಂಬಿದ ಬ್ಯಾಟರಿಯ ಲಕ್ಷಣ. ಸ್ಟಾರ್ಟ್ ಮಾಡಿದರೆ ಸುಮಾರು 14 ವೋಲ್ಟ್‌ಗೆ ಏರಬೇಕು. ನಮ್ಮದು 12.4ರಲ್ಲೇ ನಿಂತಿತು, ಹೆಡ್‌ಲೈಟ್ ಹಾಕಿದರೆ ಇನ್ನೂ ಇಳಿಯಿತು. ಅಂದರೆ ಬ್ಯಾಟರಿಗೆ ಚಾರ್ಜೇ ಆಗುತ್ತಿಲ್ಲ. ಬೆಲ್ಟ್ ಬಿಗಿಯಾಗಿತ್ತು, ಟರ್ಮಿನಲ್‌ಗಳು ಶುಚಿಯಾಗಿದ್ದವು. ಏನೂ ತೋಚದೆ ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಮೀಟರ್ ಥಟ್ಟನೆ 14.2ಕ್ಕೆ ಜಿಗಿಯಿತು. ಕಾಲು ತೆಗೆದರೂ ಅಲ್ಲೇ ಉಳಿಯಿತು. ಹಾಗಾದರೆ ಆಲ್ಟರ್ನೇಟರ್ ಸತ್ತಿಲ್ಲ!

ಎಂಜಿನ್ ಆಫ್ ಮಾಡಿ, ಮತ್ತೆ ಕೀಲಿಯನ್ನು ಆನ್ ಮಾಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹೊತ್ತಿಕೊಳ್ಳಲೇ ಇಲ್ಲ. ಕೆಂಪು ದೀಪ ಇಲ್ಲವೆಂದರೆ ಎಲ್ಲ ಚೆನ್ನಾಗಿದೆ ಎಂದೇ ನಾವು ಇಷ್ಟು ದಿನ ನಂಬಿದ್ದೆವು. ವಾಸ್ತವ ಬೇರೆ. ಕೀಲಿ ಆನ್ ಮಾಡಿದಾಗ ಅದು ಉರಿಯಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಇಂತಹ ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರ್ ಕೆಲಸ ಆರಂಭಿಸಲು ಬೇಕಾದ ಸಣ್ಣ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ. ನಮ್ಮ ಬಲ್ಬಿನ ತಂತಿ ಕಡಿದಿತ್ತು. ಹೈವೇಯಲ್ಲಿ ಜೋರಾಗಿ ಓಡಿಸಿದ ದಿನ, ಆಲ್ಟರ್ನೇಟರಿನೊಳಗೆ ಉಳಿದ ಅಲ್ಪ ಅಯಸ್ಕಾಂತ ಶಕ್ತಿಯಿಂದಲೇ ಚಾರ್ಜ್ ಶುರುವಾಗುತ್ತಿತ್ತು. ತೋಟದಿಂದ ತೋಟಕ್ಕೆ ನಿಧಾನವಾಗಿ ಸುತ್ತಿದ ದಿನ ಇಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲವಾದ್ದರಿಂದ, ಒಮ್ಮೆ ಸ್ಟಾರ್ಟ್ ಆದ ಗಾಡಿ ಅನುಮಾನ ಬಾರದಂತೆ ಓಡುತ್ತಿತ್ತು. ಹೀಗೆ ಅರೆಹೊಟ್ಟೆಯಲ್ಲಿ ದುಡಿದು ಬ್ಯಾಟರಿಗಳು ಬೇಗ ಸತ್ತಿದ್ದವು. ಹೊಸ ಬ್ಯಾಟರಿ ಹಾಕಿದಾಗಲೆಲ್ಲ ರೋಗ ಕೆಲವು ತಿಂಗಳು ಮರೆಯಾಗುತ್ತಿತ್ತು, ಅಷ್ಟೇ.

ಇಪ್ಪತ್ತು ರೂಪಾಯಿಯ ಬಲ್ಬು ಹಾಕಿದೆವು. ಸ್ಟಾರ್ಟ್ ಮಾಡಿದ ತಕ್ಷಣ 14 ವೋಲ್ಟ್!

ಸಿಟ್ಟಿನಿಂದ ಮೆಕ್ಯಾನಿಕ್ ಬಳಿ ಹೋದೆ. ಅವರು ನಗುತ್ತಾ ಅಂದರು: ‘ಒಂದು ಗಂಟೆ ಕೂತು ಹುಡುಕಿದ್ರೆ ಯಾರಪ್ಪಾ ದುಡ್ಡು ಕೊಡ್ತಾರೆ? ಹಿಂದೆ ಬರೀ ಚೆಕ್ ಮಾಡಿದ್ದಕ್ಕೆ ಇನ್ನೂರು ಕೇಳಿದ್ದೆ. ಏನೂ ಬದಲಾಯಿಸಲೇ ಇಲ್ವಲ್ಲ ಅಂತ ನಿಮ್ಮಪ್ಪ ಜಗಳಕ್ಕೇ ಬಂದಿದ್ರು.’ ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವರು ಮಾಡಿದ್ದು ಸರಿ ಎನ್ನಲಾರೆ. ಆದರೆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕೈಗೆ ಹೊಸ ವಸ್ತು ಸಿಕ್ಕರೆ ಸಾವಿರಗಟ್ಟಲೆ ಕೊಡುತ್ತೇವೆ. ಕಾರಣ ಹುಡುಕಿದ ತಲೆಗೆ ಮಾತ್ರ ನೂರು ರೂಪಾಯಿ ಕೊಡಲೂ ಚೌಕಾಸಿ. ಹೀಗಿರುವಾಗ ಬಿಡಿಭಾಗ ಬದಲಿಸುವವರೇ ಹೆಚ್ಚುತ್ತಾರೆ, ರೋಗ ಪತ್ತೆ ಮಾಡುವವರು ಕಡಿಮೆಯಾಗುತ್ತಾರೆ. ಮೊಬೈಲ್, ಫ್ಯಾನ್, ಪಂಪ್‌ಸೆಟ್ ರಿಪೇರಿಯಲ್ಲೂ ಇದೇ ಕಥೆಯಲ್ಲವೇ?

ಆದ್ದರಿಂದ ನನ್ನಂಥ ಹುಡುಗ ಹುಡುಗಿಯರಿಗೆ ಹೇಳುವುದಿಷ್ಟೆ. ಸಾಧಾರಣ ಮಲ್ಟಿಮೀಟರಿಗೆ ಮುನ್ನೂರು ನಾನೂರು ರೂಪಾಯಿ ಸಾಕು. ಆಫ್ ಇದ್ದಾಗ ಎಷ್ಟು, ಓಡುವಾಗ ಎಷ್ಟು, ಹೆಡ್‌ಲೈಟ್ ಹಾಕಿದಾಗ ಎಷ್ಟು ಎಂದು ಅಳೆದು, ಬರೆದುಕೊಂಡು ಗ್ಯಾರೇಜಿಗೆ ಹೋಗಿ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷಿಸುವ ಹಳೆಯ ವಿದ್ಯೆ ಮಾತ್ರ ಬೇಡ, ಚೆನ್ನಾಗಿರುವ ಆಲ್ಟರ್ನೇಟರಿನ ಡಯೋಡ್‌ಗಳೂ ಸುಟ್ಟಾವು. ಹುಡುಕಿಕೊಟ್ಟವರಿಗೆ ಹುಡುಕಿದ ಕೂಲಿಯನ್ನು ಗೊಣಗದೆ ಕೊಡಿ.

ಅಪ್ಪ ಈಗ ಕೀಲಿ ತಿರುಗಿಸುವಾಗ ಮೊದಲು ಕೆಂಪು ದೀಪ ನೋಡುತ್ತಾರೆ. ಮೊನ್ನೆ ಬ್ರೇಕ್ ಪರೀಕ್ಷಿಸಿ ‘ಏನೂ ತೊಂದರೆಯಿಲ್ಲ’ ಎಂದ ಅದೇ ಮೆಕ್ಯಾನಿಕ್‌ಗೆ ತಾವಾಗಿಯೇ ಇನ್ನೂರು ರೂಪಾಯಿ ಕೊಟ್ಟು ಬಂದರು.