ಆಟ ಬಿಡುವುದು ಬೇರೆ, ದುಡ್ಡು ನಿಲ್ಲಿಸುವುದು ಬೇರೆ

ಎಂಟು ಹತ್ತು ವರ್ಷ ಒಂದೇ ಆಟ ಆಡಿದವನು ಒಂದು ದಿನ "ಇನ್ನು ಇವರಿಗೆ ಒಂದು ರೂಪಾಯಿ ಕೊಡಲ್ಲ" ಅಂದರೆ ಸುತ್ತಲಿನವರು ನಗುತ್ತಾರೆ. ಮನೆಯವರಿಗೆ ಪೀಡೆ ತೊಲಗಿದ ಖುಷಿ. ಜೊತೆಗೆ ಆಡುವವರಿಗೆ ಅದೊಂದು ನಾಟಕ, ನಾಡಿದ್ದು ವಾಪಸ್ ಬರ್ತಾನೆ ಬಿಡು ಅಂತಾರೆ. ಇಬ್ಬರೂ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುತ್ತಿದ್ದಾರೆ ಅನ್ನುವುದು ನನ್ನ ಅನಿಸಿಕೆ. ಹತ್ತು ವರ್ಷ ಒಂದೇ ಹೋಟೆಲಿನಲ್ಲಿ ತಿಂಡಿ ತಿಂದವನು ಬರುವುದು ನಿಲ್ಲಿಸಿದರೆ ಮಾಲೀಕ ಯಾಕೆ ಅಂತ ವಿಚಾರಿಸುತ್ತಾನೆ. ಆಟದ ಕಂಪನಿ ವಿಚಾರಿಸುವಂತೆ ಮಾಡುವುದು ಹೇಗೆ? ಪ್ರಶ್ನೆ ಇರುವುದು ಅಲ್ಲಿ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ದೂರದ ಐಸ್‌ಲ್ಯಾಂಡಿನದು. ಅಲ್ಲಿನ ಸಿಸಿಪಿ ಎಂಬ ಕಂಪನಿ 2003ರ ಮೇ ತಿಂಗಳಲ್ಲಿ 'ಈವ್ ಆನ್‌ಲೈನ್' ಎಂಬ ಕಂಪ್ಯೂಟರ್ ಆಟ ಶುರು ಮಾಡಿತು. ಬಾಹ್ಯಾಕಾಶದಲ್ಲಿ ಹಡಗು ಓಡಿಸುವುದು, ಅದಿರು ಅಗೆಯುವುದು, ಹಡಗು ಕಟ್ಟಿ ಮಾರುವುದು, ಗುಂಪು ಕಟ್ಟಿಕೊಂಡು ಕಾದಾಡುವುದು, ಇದು ಆಟ. ಚೀನಾದವರನ್ನು ಬಿಟ್ಟರೆ ಲೋಕದ ಆಟಗಾರರೆಲ್ಲ ಒಂದೇ ಸರ್ವರ್‌ನಲ್ಲಿ. ಜಿತಾ ಅನ್ನುವ ಜಾಗ ಅಲ್ಲಿನ ಸಂತೆ. ನಮ್ಮ ಸಂತೆ ವಾರಕ್ಕೊಂದು ದಿನ, ಅದು ಹಗಲೂ ರಾತ್ರಿ. ಹಡಗು ಒಡೆದುಹೋದರೆ ಹೋಯಿತು, ಮುಂದಿನ ಮ್ಯಾಚಿನಲ್ಲಿ ವಾಪಸ್ ಬರುವುದಿಲ್ಲ. 2014ರ ಜನವರಿಯಲ್ಲಿ ಒಂದು ಗುಂಪು ತನ್ನ ಜಾಗಕ್ಕೆ ಕಟ್ಟಬೇಕಾದ ಬಾಡಿಗೆ ತಪ್ಪಿಹೋಗಿ ಶುರುವಾದ ಕಾಳಗ ಹೆಚ್ಚುಕಡಿಮೆ 21 ಗಂಟೆ ನಡೆಯಿತು. ಹಾಳಾದ ಹಡಗುಗಳ ಬೆಲೆ ನಿಜವಾದ ದುಡ್ಡಿನಲ್ಲಿ ಸುಮಾರು 3 ಲಕ್ಷ ಡಾಲರ್ ಅಂತ ಅಂದಾಜು ಮಾಡಿದರು. ಅಂಥ ಕಡೆ ಹತ್ತು ವರ್ಷ ಕಳೆದವನಿಗೆ ಅದು ಬರೀ ಟೈಂಪಾಸ್ ಆಗಿ ಉಳಿದಿರುವುದಿಲ್ಲ.

ಇನ್ನೊಂದು ವಿಶೇಷ, 2008ರಿಂದ ಅಲ್ಲಿ ಆಟಗಾರರೇ ವೋಟು ಹಾಕಿ ಆರಿಸುವ ಒಂದು ಮಂಡಳಿ ಇದೆ. ಕಂಪನಿ ಜೊತೆ ಕೂತು ಮಾತಾಡುತ್ತದೆ, ಸಲಹೆ ಕೊಡುತ್ತದೆ, ಅಧಿಕಾರ ಮಾತ್ರ ಇಲ್ಲ. (ನಮ್ಮ ಪಂಚಾಯಿತಿಯೂ ಹಾಗೇ ಅಂತ ಕಾಮೆಂಟ್ ಹಾಕಬೇಡಿ, ಗೊತ್ತು.)

ಆಗ ಈ ಆಟಕ್ಕೆ ತಿಂಗಳಿಗೆ ಸುಮಾರು 15 ಡಾಲರ್ ಚಂದಾ. 2011ರ ಜೂನ್‌ನಲ್ಲಿ ಕಂಪನಿ ಆಟದೊಳಗೆ ಒಂದು ಅಂಗಡಿ ತೆರೆಯಿತು. ಚಂದಾ ಕಟ್ಟುವವರಿಗೇ ಮತ್ತೆ ದುಡ್ಡಿಗೆ ಅಂಗಿ, ಬೂಟು. ಅದರಲ್ಲಿ ಒಂದು ಕಣ್ಣಿಗೆ ಮಾತ್ರ ಹಾಕಿಕೊಳ್ಳುವ ಕನ್ನಡಕವೂ ಇತ್ತು. ಬೆಲೆ 60 ಡಾಲರಿಗೂ ಮೇಲೆ, ಆಗಿನ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿ ದಾಟುತ್ತಿತ್ತು. ನಿಜವಾದ ಕನ್ನಡಕವೇ ಅದಕ್ಕಿಂತ ಕಡಿಮೆಗೆ ಸಿಗುತ್ತದಲ್ಲ ಅಂತ ಜನ ಗೇಲಿ ಮಾಡಿದರು.

ಗೇಲಿಯಲ್ಲೇ ಮುಗಿಯಬಹುದಿತ್ತು. ಅಷ್ಟರಲ್ಲಿ ಕಂಪನಿಯ ಒಳಗಿನ ಪತ್ರಿಕೆಯೊಂದು ಸೋರಿ ಹೊರಗೆ ಬಂತು. ದುರಾಸೆ ಒಳ್ಳೆಯದೇ ಎಂಬ ಅರ್ಥದ ತಲೆಬರಹ, ಒಳಗೆ ಮುಂದೆ ಹಡಗು, ಮದ್ದುಗುಂಡುಗಳನ್ನೂ ದುಡ್ಡಿಗೆ ಮಾರಬಹುದೇ ಎಂಬ ಚರ್ಚೆ. ಅದರ ಹಿಂದೆಯೇ ಮುಖ್ಯಸ್ಥ ಹಿಲ್ಮರ್ ಪೆಟರ್ಸನ್ ನೌಕರರಿಗೆ ಬರೆದ ಮೇಲ್ ಕೂಡ ಹೊರಬಿತ್ತು. ಆಟಗಾರರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಏನು ಮಾಡುತ್ತಾರೆ ಅನ್ನುವುದನ್ನು ನೋಡಿ ಎಂಬುದು ಅದರ ಸಾರ. ಕೂಗಾಡಲಿ ಬಿಡಿ, ಕೊನೆಗೆ ಕೊಳ್ಳುತ್ತಾರೆ ಅಂತಲೇ ಆಟಗಾರರು ಅದನ್ನು ಓದಿಕೊಂಡರು.

ಸಿಟ್ಟು ಹತ್ತಿತು. ಜಿತಾ ಸಂತೆಯ ಹೊರಗೆ ಒಂದು ಸ್ಮಾರಕವಿತ್ತು. ನೂರಾರು ಹಡಗುಗಳು ಬಂದು ಅದರ ಸುತ್ತ ನಿಂತು ಗುಂಡು ಹಾರಿಸಿದವು. ಅದು ಒಡೆಯುವಂಥದ್ದಲ್ಲ, ಆದರೂ ದಿನಗಟ್ಟಲೆ ಹೊಡೆದರು. ಇವತ್ತಿಗೂ ಆ ಘಟನೆ ಅಂದರೆ ಎಲ್ಲರೂ ತೋರಿಸುವುದು ಆ ಫೋಟೋಗಳನ್ನೇ. ನನ್ನ ಪ್ರಕಾರ ಕೆಲಸ ಮಾಡಿದ್ದು ಅದಲ್ಲ. ಅದೇ ಹೊತ್ತಿಗೆ ಸಾವಿರಾರು ಜನ ಸದ್ದಿಲ್ಲದೆ ಚಂದಾ ರದ್ದು ಮಾಡುತ್ತಿದ್ದರು, ಯಾಕೆ ರದ್ದು ಮಾಡುತ್ತಿದ್ದೇವೆ ಅಂತ ಬರೆದೂ ಇಡುತ್ತಿದ್ದರು. ಏನು ಮಾಡುತ್ತಾರೆ ನೋಡಿ ಅಂತ ಮುಖ್ಯಸ್ಥನೇ ಹೇಳಿದ್ದನಲ್ಲ, ಮಾಡಿ ತೋರಿಸಿದರು.

ಜೂನ್ ಕೊನೆಗೇ ಆಟಗಾರರ ಮಂಡಳಿಯನ್ನು ಕಂಪನಿ ತುರ್ತಾಗಿ ಐಸ್‌ಲ್ಯಾಂಡಿಗೆ ಕರೆಸಿಕೊಂಡಿತು. ಗೆಲ್ಲಲು ನೆರವಾಗುವ ವಸ್ತುಗಳನ್ನು ದುಡ್ಡಿಗೆ ಮಾರುವ ಯೋಜನೆ ಇಲ್ಲ ಅಂತ ಹೇಳಿಕೆ ಬಂತು. ಅಕ್ಟೋಬರ್‌ನಲ್ಲಿ ಹಿಲ್ಮರ್ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದ. ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಜನ ವರ್ಷಗಳಿಂದ ಕೇಳುತ್ತಿದ್ದ ಹಡಗಿನ ರಿಪೇರಿಗಳೇ ತುಂಬಿದ್ದವು.

ಆದರೆ ಆ ಪತ್ರದ ಬೆನ್ನಿಗೇ ಕಂಪನಿ ತನ್ನ ನೌಕರರಲ್ಲಿ ನೂರಕ್ಕೆ 20ರಷ್ಟು ಮಂದಿಯನ್ನು ಮನೆಗೆ ಕಳಿಸಿತು. ಅವರಲ್ಲಿ ಬಹಳ ಜನ ಅಮೆರಿಕದ ಅಟ್ಲಾಂಟಾ ಕಚೇರಿಯಲ್ಲಿ ಬೇರೆಯೇ ಆಟ ಕಟ್ಟುತ್ತಿದ್ದವರು. ಕನ್ನಡಕಕ್ಕೆ ಬೆಲೆ ಹಾಕಿದವರು ಅವರಲ್ಲ. ಆಟಗಾರರ ಗೆಲುವಿನ ಕಥೆ ಹೇಳುವಾಗ ಈ ಭಾಗವನ್ನು ಬಹಳ ಜನ ನುಂಗಿಬಿಡುತ್ತಾರೆ. ಗೆಲುವು ಶಾಶ್ವತವೂ ಆಗಲಿಲ್ಲ. 2016ರಲ್ಲಿ ಆಟಗಾರರ ತರಬೇತಿ ಅಂಕಗಳನ್ನೇ ತೆಗೆದು ಮಾರುವ ವ್ಯವಸ್ಥೆ ಬಂತು. 2018ರಲ್ಲಿ ಪರ್ಲ್ ಅಬಿಸ್ ಎಂಬ ಕೊರಿಯಾದ ಕಂಪನಿ ಸಿಸಿಪಿಯನ್ನು ಕೊಂಡಿತು. 2022ರಲ್ಲಿ ತಿಂಗಳ ಚಂದಾ 15ರಿಂದ 20 ಡಾಲರಿಗೆ ಏರಿತು, ಮತ್ತೆ ಅದೇ ಸಿಟ್ಟು, ಅದೇ ರದ್ದು.

ಈಗ ನಮ್ಮ ಫೋನಿಗೆ ಬರೋಣ. ನಮ್ಮ ಹುಡುಗರು ಆಡುವ ಗನ್ನಿನ ಆಟಗಳಿಗೆ ಚಂದಾ ಇಲ್ಲ, ರದ್ದು ಮಾಡಲು ಏನೂ ಇಲ್ಲ. ಆಟ ಫ್ರೀ, ವೇಷ ಮಾತ್ರ ದುಡ್ಡಿಗೆ. ಅದೂ ನೇರವಾಗಿ ಸಿಗುವುದು ಕಡಿಮೆ, ಕ್ರೇಟ್ ಒಡೆಯಬೇಕು. ಒಳ್ಳೆಯ ಸ್ಕಿನ್ ಸಿಗುವ ಅವಕಾಶ ನೂರಕ್ಕೆ 1 ಅಂತಿಟ್ಟುಕೊಳ್ಳಿ. ನೂರು ಕ್ರೇಟ್ ಒಡೆದರೆ ಒಂದು ಸಿಕ್ಕೇ ಸಿಗುತ್ತೆ ಅಂತ ಬಹಳ ಹುಡುಗರು ನಂಬಿದ್ದಾರೆ. ಇಲ್ಲ. ಪ್ರತಿ ಕ್ರೇಟಿನ ಲೆಕ್ಕ ಹೊಸದಾಗಿ ಶುರುವಾದರೆ, ನೂರು ನೂರು ಕ್ರೇಟ್ ಒಡೆದ ನೂರು ಜನರಲ್ಲಿ ಸುಮಾರು 37 ಜನ ಬರಿಗೈಲಿ ಏಳುತ್ತಾರೆ. ಈ ಅವಕಾಶ ಎಷ್ಟು ಅನ್ನುವುದನ್ನು ಆಟದೊಳಗೆ ತೋರಿಸಲೇಬೇಕು ಅಂತ ಆ್ಯಪಲ್ 2017ರಿಂದ, ಗೂಗಲ್ ಪ್ಲೇ 2019ರಿಂದ ನಿಯಮ ಮಾಡಿವೆ. ದುಡ್ಡು ಹಾಕುವ ಮೊದಲು ಮೂಲೆಯ ಆ ಸಣ್ಣ ಅಕ್ಷರ ಹುಡುಕಿ ಓದಿ. ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿ ಕೆಲವು ಹೆಸರಾಂತ ಆಟಗಳ ಇಂಥ ಪೆಟ್ಟಿಗೆಗಳನ್ನು ನೋಡಿ ಇದು ಜೂಜೇ ಎಂದು ಹೇಳಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯ್ದೆಯ ಗುರಿ ಬೇರೆ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರಮ್ಮಿಯಂಥ ಆ್ಯಪ್‌ಗಳು. ವೇಷದ ಕ್ರೇಟ್ ಹುಡುಗರ ಫೋನಿನಲ್ಲಿ ಹಾಗೇ ಇದೆ.

ನಿಷೇಧ ಮಾಡಿಬಿಡಿ ಅನ್ನುವ ಹಿರಿಯರಿಗೂ ಒಂದು ಮಾತು. ಅದನ್ನೂ ನೋಡಿಯಾಗಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಹೋಯಿತು, 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ಬಂತು, 2022ರ ಜುಲೈನಲ್ಲಿ ಅದೂ ಸ್ಟೋರ್‌ನಿಂದ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾದಾಗ ಅದರ ಮ್ಯಾಕ್ಸ್ ಆವೃತ್ತಿ ಆಡುತ್ತಲೇ ಇದ್ದರು. ಇದರಿಂದ ಹುಡುಗರು ಕಲಿತದ್ದು ವಿಪಿಎನ್ ಹಾಕುವುದನ್ನು, ಅಷ್ಟೇ.

ಚಂದಾ ಇಲ್ಲದ ಕಡೆ ಬೆಂಬಲ ಅಂದರೆ ಏನು? ಇಂಥ ಆಟಗಳಲ್ಲಿ ಹೆಚ್ಚಿನ ದುಡ್ಡು ಬರುವುದು ಕೆಲವೇ ಜನರ ಜೇಬಿನಿಂದ. ಅವರನ್ನು ಆ ಧಂದೆಯಲ್ಲಿ ತಿಮಿಂಗಿಲ ಅಂತಲೇ ಕರೆಯುತ್ತಾರೆ. ನಾನು ಐವತ್ತು ರೂಪಾಯಿ ನಿಲ್ಲಿಸಿದರೆ ಅವರಿಗೆ ಏನು ನಷ್ಟ ಅಂತ ನೀವು ಕೇಳಬಹುದು. ಆದರೆ ತಿಮಿಂಗಿಲ ಸಾವಿರಾರು ರೂಪಾಯಿ ಕೊಟ್ಟು ವೇಷ ಹಾಕಿಕೊಳ್ಳುವುದು ಯಾರಿಗೆ ತೋರಿಸಲು? ಲಾಬಿಯಲ್ಲಿ ನಿಂತ ನಿಮಗೆ. ಒಂದು ಪೈಸೆ ಹಾಕದೆ ಆಡುವ ಹುಡುಗನೂ ಅಲ್ಲಿ ಜಾತ್ರೆಯ ಜನ. ಜನವೇ ಇಲ್ಲದ ಜಾತ್ರೆಯಲ್ಲಿ ತೇರಿಗೆ ಎಷ್ಟು ಅಲಂಕಾರ ಮಾಡಿದರೂ ನೋಡುವವರಿಲ್ಲ. ಹಾಗಾಗಿ ಟಾಪ್‌ಅಪ್ ನಿಲ್ಲಿಸಿ, ಆಟ ಮಾತ್ರ ಮುಂದುವರಿಸುವವರು ಅರ್ಧ ಬೆಂಬಲವನ್ನಷ್ಟೇ ಹಿಂತೆಗೆದಿದ್ದಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಗೆಳೆಯರೆಲ್ಲ ಇರುವುದೇ ಆ ಲಾಬಿಯಲ್ಲಿ ಅಂದಾಗ ಒಬ್ಬನೇ ಎದ್ದು ಹೋಗು ಅನ್ನುವುದು ಸುಲಭವಲ್ಲ. ಮೊದಲು ದುಡ್ಡು, ಆಮೇಲೆ ಸಮಯ. ನಿಮ್ಮ ಸ್ಕ್ವಾಡಿನ ನಾಲ್ಕೂ ಜನ ಒಟ್ಟಿಗೆ ನಿಲ್ಲಿಸಿ, ಪ್ಲೇ ಸ್ಟೋರ್‌ನಲ್ಲಿ ಕಾರಣ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅಪ್ಪನ ಫೋನಿನಲ್ಲಿ ಪಾವತಿಗೆ ಯುಪಿಐ ಜೋಡಿಸಿಟ್ಟಿದ್ದರೆ ತೆಗೆದುಹಾಕಿ. ಸುಮ್ಮನೆ ಅನ್‌ಇನ್‌ಸ್ಟಾಲ್ ಮಾಡಿದರೆ ಕಂಪನಿಗೆ ಕಾಣುವುದು ಒಂದು ಅಂಕಿ ಕಡಿಮೆಯಾದದ್ದು ಮಾತ್ರ. ಕಾರಣ ಕಾಣುವುದಿಲ್ಲ.

ಇಷ್ಟು ದುಡ್ಡು ಹಾಕಿದ್ದೀನಿ, ಈಗ ಹೇಗೆ ಬಿಡೋದು ಅನ್ನುವ ಮಾತು ಬಹಳ ಕೇಳುತ್ತೇನೆ. ಬೋರ್‌ವೆಲ್ ಲಾರಿ ಮುಂದೆ ನಿಂತ ರೈತ ಹೇಳುವ ಮಾತೂ ಇದೇ. ಏಳುನೂರು ಅಡಿ ಹೋಗಿದೆ, ಇನ್ನೊಂದು ನೂರು ಅಡಿ ಹೋಗಲಿ. ರೈತನಿಗೆ ಕೆಳಗೆ ನೀರು ಇರಬಹುದು ಎಂಬ ಆಸೆಯಾದರೂ ಇದೆ. ಕ್ರೇಟ್ ಒಡೆಯುವವನಿಗೆ ಕೆಳಗೆ ಏನಿದೆ ಅಂತ ಗೊತ್ತು, ಇನ್ನೊಂದು ಅಂಗಿ. ಮುಂದಿನ ಸೀಸನ್ನಿಗೆ ಅದೂ ಹಳತು.

ಈವ್ ಆನ್‌ಲೈನ್‌ನಲ್ಲಿ ಒಂದು ಹಳೆಯ ತಮಾಷೆ ಇದೆ. ಯಾರಾದರೂ ನಾನು ಆಟ ಬಿಡುತ್ತಿದ್ದೇನೆ ಅಂತ ಘೋಷಿಸಿದ ಕೂಡಲೇ ಉಳಿದವರು, ಹಾಗಾದರೆ ನಿನ್ನ ಸಾಮಾನೆಲ್ಲ ನನಗೆ ಕೊಟ್ಟು ಹೋಗ್ತೀಯಾ ಅಂತ ಕೇಳುತ್ತಾರೆ. ಕೆಲವರು ನಿಜಕ್ಕೂ ಕೊಟ್ಟು ಹೋಗುತ್ತಾರೆ, ಹಡಗು, ಗಣಿಯ ಅದಿರು, ಖಜಾನೆ ಎಲ್ಲ. ನಮ್ಮ ಫೋನಿನ ಗನ್ ಸ್ಕಿನ್ನನ್ನು ಪಕ್ಕದಲ್ಲಿ ಕೂತು ಆಡುವ ತಮ್ಮನಿಗೆ ಕೊಟ್ಟು ಹೋಗೋಣ ಅಂದರೆ, ಅದಕ್ಕೆ ಬಟನ್ನೇ ಇಲ್ಲ.