ಇತಿಹಾಸದ ತರಗತಿಯಲ್ಲಿ ಪ್ರಶ್ನೆಗೂ ಜಾಗವಿರಲಿ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇತಿಹಾಸವೆಂದರೆ ಇಸವಿಗಳ ಪಟ್ಟಿ. ಗಣಿತ, ವಿಜ್ಞಾನಗಳ ಅಂಕ ವಿಚಾರಿಸುವ ಹೆತ್ತವರು ಇದನ್ನು ಕೇಳುವುದೂ ಇಲ್ಲ. ಆದರೆ ಟಿಪ್ಪು ಸುಲ್ತಾನರ ಕುರಿತು ಮೊಬೈಲಿನಲ್ಲಿ ಬಂದುದನ್ನು ಅದೇ ಮಕ್ಕಳು ಒಂದೋ ಪೂರ್ಣವಾಗಿ ನಂಬುತ್ತಾರೆ, ಇಲ್ಲವೇ ಓದದೆಯೇ ಸಿಡಿಮಿಡಿಗೊಳ್ಳುತ್ತಾರೆ.

ಸುದ್ದಿಯನ್ನು ಪರಿಶೀಲಿಸಬೇಕೆಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆದೇಶ. 1377ರಲ್ಲಿ ‘ಮುಕದ್ದಿಮ’ ಬರೆದ ಇಬ್ನ್ ಖಲ್ದೂನ್, ಪ್ರವಾದಿ ಮೂಸಾ(ಅ)ರ ಸೈನ್ಯದಲ್ಲಿ ಆರು ಲಕ್ಷ ಮಂದಿಯಿದ್ದರೆಂಬ ಹಿಂದಿನವರ ಬರಹವನ್ನು ಒಪ್ಪಲಿಲ್ಲ. ಅಷ್ಟು ದೊಡ್ಡ ಸೈನ್ಯದ ಒಂದು ತುದಿಯಲ್ಲಿ ನಡೆಯುವುದು ಇನ್ನೊಂದು ತುದಿಗೆ ತಿಳಿಯುವುದಾದರೂ ಹೇಗೆಂದು ಕೇಳಿದರು. ಹತ್ತನೆಯ ತರಗತಿಯ ಹುಡುಗಿಯೂ ಕೇಳಬಲ್ಲ ಪ್ರಶ್ನೆಯಿದು!

1791ರಲ್ಲಿ ಮರಾಠಾ ಸೈನ್ಯದ ದಾಳಿಕೋರರು ಶೃಂಗೇರಿ ಮಠವನ್ನು ಲೂಟಿ ಮಾಡಿದ ಬಳಿಕ ಟಿಪ್ಪು ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳು ಉಳಿದಿವೆ. ನಮ್ಮ ವೇದಿಕೆಗಳಲ್ಲಿ ಅವುಗಳ ಉಲ್ಲೇಖಕ್ಕೆ ಕೊರತೆಯಿಲ್ಲ. ಕೊಡಗಿನ ಜನರನ್ನು ಅವರು ಸೆರೆಹಿಡಿದು ಒಯ್ದುದಕ್ಕೂ ದಾಖಲೆಗಳಿವೆ. ಸೆರೆಯಾದವರ ಸಂಖ್ಯೆ ಮಾತ್ರ ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ. ಎರಡನ್ನೂ ಎದುರಿಗಿಟ್ಟು, ಬರೆದವರಾರು, ಯಾರಿಗಾಗಿ, ಯಾವಾಗ ಎಂದು ಮಕ್ಕಳೇ ಕೇಳುವುದನ್ನು ನಾವು ಬಯಸುತ್ತೇವೆ. ಒಂದನ್ನಷ್ಟೇ ಓದಿದವನು, ಇನ್ನೊಂದನ್ನು ಯಾರಾದರೂ ಮುಖಕ್ಕೆ ಹಿಡಿದ ದಿನ ತಬ್ಬಿಬ್ಬಾಗುತ್ತಾನೆ. ಮುಂದಿನ ಪೋಷಕರ ಸಭೆಯಲ್ಲಿ ಇತಿಹಾಸದ ಶಿಕ್ಷಕರ ಬಳಿಯೂ ಐದು ನಿಮಿಷ ಕುಳಿತು ಈ ಬಗ್ಗೆ ಮಾತಾಡೋಣ.