ತುಪ್ಪ ತಿಂದರೆ ಹಾಲು ಗಟ್ಟಿಯಾಗುತ್ತದೆಯೇ?

ಮನೆಯಲ್ಲಿ ಪಾಪು ಹುಟ್ಟಿದಾಗ ಬಾಣಂತಿಯ ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚೇ ಬೀಳುತ್ತದೆ. ‘ತಾಯಿ ಚೆನ್ನಾಗಿ ಉಂಡರೆ ತಾನೇ ಮಗುವಿಗೆ ಹಾಲು’ ಎನ್ನುವುದು ಅಜ್ಜಿಯರ ಲೆಕ್ಕ. ಹಾಗಾದರೆ ಮಕ್ಕಳೇ, ತಟ್ಟೆಯ ತುಪ್ಪ ನೇರವಾಗಿ ಹಾಲಿಗೆ ಹೋಗುತ್ತದೆಯೇ?

ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 4 ಪಾಲು ಕೊಬ್ಬು ಇರುತ್ತದೆ. ಅದು ಬರುವುದು ಮೂರು ಕಡೆಯಿಂದ. ಒಂದು, ತಾಯಿಯ ಊಟದಿಂದ. ಎರಡು, ಆಕೆಯ ಮೈಯಲ್ಲಿ ಮೊದಲೇ ಕೂಡಿಟ್ಟ ಕೊಬ್ಬಿನಿಂದ. ಇನ್ನು ಸ್ವಲ್ಪವನ್ನು ಎದೆಯ ಗ್ರಂಥಿಗಳು ಸಕ್ಕರೆಯಿಂದ ತಾವೇ ತಯಾರಿಸಿಕೊಳ್ಳುತ್ತವೆ. ಊಟದಲ್ಲಿ ಜಿಡ್ಡು ಕಡಿಮೆಯಾದ ದಿನ ಮೈಯೊಳಗಿನ ಉಗ್ರಾಣದ ಬಾಗಿಲು ತೆರೆಯುತ್ತದೆ. ಹೀಗಾಗಿ ತುಪ್ಪ ಹೆಚ್ಚಾಯಿತೆಂದು ಹಾಲಿನ ಕೊಬ್ಬು ಅಷ್ಟಾಗಿ ಏರುವುದಿಲ್ಲ.

ಈ ಉಗ್ರಾಣದ ಶಕ್ತಿ ನೋಡಬೇಕೆಂದರೆ ಉತ್ತರ ಅಟ್ಲಾಂಟಿಕ್ ಸಾಗರದ ಹಿಮಗಡ್ಡೆಗಳ ಮೇಲೆ ಮರಿ ಹಾಕುವ ಹುಡೆಡ್ ಸೀಲ್ ಎಂಬ ಪ್ರಾಣಿಯನ್ನು ನೋಡಿ. ಅದು ಮರಿಗೆ ಹಾಲೂಡಿಸುವುದು ಬರೀ 4 ದಿನ. ಅಷ್ಟು ದಿನವೂ ತಾಯಿ ಉಪವಾಸ! ಆದರೂ ಅದರ ಹಾಲಿನಲ್ಲಿ ನೂರಕ್ಕೆ ಸುಮಾರು 60 ಪಾಲು ಕೊಬ್ಬು. ನಾಲ್ಕೇ ದಿನದಲ್ಲಿ ಮರಿಯ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಹಸುವಿನ ಕತೆ ಬೇರೆ. ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಸಿ ಹಾಲಿನ ಕೊಬ್ಬಿಗೆ ಬೇಕಾದ ಕಚ್ಚಾವಸ್ತು ಒದಗಿಸುತ್ತವೆ. ಹುಲ್ಲು ತೀರಾ ಕಡಿಮೆ ಮಾಡಿ ಕಾಳಿನ ಹಿಟ್ಟನ್ನೇ ತಿನ್ನಿಸಿದರೆ ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ.

ಮನುಷ್ಯರಲ್ಲಿ ಊಟಕ್ಕೆ ತಕ್ಕಂತೆ ಬದಲಾಗುವುದು ಮುಖ್ಯವಾಗಿ ಕೊಬ್ಬಿನ ಬಗೆ. ಮೀನು ತಿನ್ನುವ ತಾಯಿಯ ಹಾಲಿನಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಹೆಚ್ಚಿರುತ್ತದೆ. ಮಗುವಿನ ಮಿದುಳು, ಕಣ್ಣು ಬೆಳೆಯಲು ಅದು ಬೇಕು. ಅಗಸೆಬೀಜ, ಆಕ್ರೋಟು ತಿಂದರೆ ಅದೇ ಬಳಗದ ಇನ್ನೊಂದು ಕೊಬ್ಬಿನಾಮ್ಲ ಹಾಲು ಸೇರುತ್ತದೆ. ತಿಂಡಿಯಲ್ಲಿ ಟ್ರಾನ್ಸ್ ಕೊಬ್ಬಿದ್ದರೆ, ಆ ಕೆಟ್ಟ ಕೊಬ್ಬೂ ಸೇರುತ್ತದೆ.

ಅಜ್ಜಿ–ತಾತಂದಿರಿಗೆ ಒಂದು ಮಾತು. ಹಾಲು ಹೆಚ್ಚುವುದು ಮಗು ಮತ್ತೆ ಮತ್ತೆ ಚೀಪುವುದರಿಂದ, ತುಪ್ಪದಿಂದಲ್ಲ. ಚೀಪಲು ಶುರುಮಾಡಿದಾಗ ಬರುವ ಹಾಲು ನೀರಾಗಿ ಕಾಣುತ್ತದೆ. ಕುಡಿಯುತ್ತಾ ಹೋದಂತೆ ಕೊಬ್ಬು ಏರುತ್ತದೆ. ಹಾಗಾಗಿ ಮಗು ಅತ್ತಾಗ ‘ನಿನ್ನ ಹಾಲು ತೆಳು’ ಎಂದು ಸೊಸೆಯ ಮನಸ್ಸು ನೋಯಿಸಬೇಡಿ. ಪಥ್ಯದ ಹೆಸರಿನಲ್ಲಿ ಬರೀ ಸಾರು–ಅನ್ನಕ್ಕೆ ನಿಲ್ಲಿಸಲೂ ಬೇಡಿ. ಬೇಳೆ, ಸೊಪ್ಪು, ಹಣ್ಣು, ರೂಢಿಯಿದ್ದರೆ ಮೊಟ್ಟೆ–ಮೀನು, ಬಾಯಾರಿದಷ್ಟು ನೀರು ಕೊಡಿ. ಜೊತೆಗೆ ಒಂದಿಷ್ಟು ನಿದ್ದೆ ಮಾಡಲು ಬಿಡಿ.